ಕಂಬಂ ಕಣಿವೆಯಲ್ಲಿ ಕೇಳಿದ ಕನ್ನಡ

ನಾವು ಎಂಟು ಮಂದಿ ಉಪಾಧ್ಯಾಯರು ಮಾರ್ಗದರ್ಶಕರೊಬ್ಬರೊಡನೆ ಪ್ರವಾಸ ಹೊರಟೆವು. 1755ರಲ್ಲಿ ಹೈದರಾಲಿಯು ಫೌಜುದಾರನಾಗಿ ಬಂದ ದಿಂಡಿಗಲ್ಲಿನ ಕೋಟೆಯನ್ನೇರಿ ಇಳಿದು, ತೇನಿಯ ಮಾರ್ಗವಾಗಿ ಕಂಬಂ ಕಣಿವೆಯನ್ನು ಸೇರಿದೆವು. 1895ರಲ್ಲಿ ಪೂರ್ಣಗೊಂಡ ಪೆರಿಯಾರ್ ಅಣೆಕಟ್ಟಿನ ನೀರು ಬೆಟ್ಟದೊಳಗಿನ ಸುರಂಗದಿಂದ ಹರಿದು ಬಂದು ಇಲ್ಲಿಯ ಗದ್ದೆಗಳಿಗೆ ಜೀವವಿತ್ತಿದೆ.

ಮಾರ್ಗದರ್ಶಕರು ತಮಿಳಿನಲ್ಲಿ ಇದನ್ನು ವಿವರಿಸುತ್ತಿರಲು, ಪಕ್ಕದ ಮನೆಯ ಜಗುಲಿಯಿಂದ ಅಜ್ಜಿಯೊಬ್ಬರು ಮೊಮ್ಮಗನನ್ನು ಕನ್ನಡದಲ್ಲಿ ಗದರಿಸಿದರು! ಅವರು ಕಪ್ಪಿಲಿಯರು, ತಲೆಮಾರುಗಳ ಹಿಂದೆ ಕನ್ನಡ ನಾಡಿನಿಂದ ಬಂದವರು. ನಾವು ಮಾತನಾಡಿಸಲು ಅಜ್ಜಿಯ ಮುಖವರಳಿತು. ಆದರೆ ನಮ್ಮ ಕೈಯಲ್ಲಿದ್ದ ಪುಸ್ತಕದ ಒಂದಕ್ಷರವನ್ನೂ ಅಜ್ಜಿಯಾಗಲಿ ಮೊಮ್ಮಗನಾಗಲಿ ಅರಿಯರು. ಹುಡುಗನು ಶಾಲೆಯಲ್ಲಿ ಕಲಿಯುವುದು ತಮಿಳು.

ಅವನ ಹೆಸರನ್ನು ಅಂಗಳದ ಮಣ್ಣಿನಲ್ಲಿ ಕನ್ನಡದಲ್ಲಿ ಬರೆದು ತೋರಿಸಿದೆವು. ಹೊರಡುವಾಗ, ಅದನ್ನು ತುಳಿಯದೆ ಬಳಸಿ ಹೋಗಿರೆಂದು ಅಜ್ಜಿ ನಮಗೇ ಹೇಳಿದರು.