ತಜ್ರಿಶ್ ಪೇಟೆಯ ಅಂಟುಮಾತು

ತೆಹರಾನಿನ ಉತ್ತರ ತುದಿಯಲ್ಲಿ, ಅಲ್ಬೋರ್ಜ್ ಪರ್ವತದ ತಪ್ಪಲಲ್ಲಿ ತಜ್ರಿಶ್ ಪೇಟೆಯಿದೆ. ಮಾಡು ಹೊದಿಸಿದ ಓಣಿಗಳಲ್ಲಿ ಹಣ್ಣು, ಒಣಹಣ್ಣು, ಉಪ್ಪಿನಕಾಯಿಗಳ ರಾಶಿ. ಪುಸ್ತಕದಿಂದ ಪಾರ್ಸಿ ಕಲಿತು ಬಂದ ವಿದ್ಯಾರ್ಥಿ ಅಂಗಡಿಯ ಫಲಕಗಳನ್ನು ಸಲೀಸಾಗಿ ಓದಿಬಿಡುತ್ತಾನೆ. ರೊಟ್ಟಿ ಅಂಗಡಿಯ ಸರದಿಯಲ್ಲಿ ನಿಂತಾಗ ಮಾತ್ರ ಕಿವಿ ಕೈಕೊಡುತ್ತದೆ.

ಅಲ್ಲಿ ಸುಡುವುದು ಸಂಗಕ್ ರೊಟ್ಟಿ. ‘ಸಂಗ್’ ಎಂದರೆ ಕಲ್ಲು. ಕಾದ ಹರಳುಕಲ್ಲುಗಳ ಮೇಲೆ ಬೇಯುವುದರಿಂದ ಆ ಹೆಸರು. ಬರಹದ ‘ನಾನ್’ ತೆಹರಾನಿಗರ ಬಾಯಲ್ಲಿ ‘ನೂನ್’. ಇಷ್ಟನ್ನು ಎರಡು ದಿನದಲ್ಲಿ ಹಿಡಿಯಬಹುದು. ತೊಡಕಿರುವುದು ಕ್ರಿಯಾಪದದ ಬಾಲದಲ್ಲಿ.

‘ಅದು ನನಗೆ ಬೇಕು’ ಎನ್ನಲು ಪುಸ್ತಕ ಕಲಿಸುವುದು ‘ಆನ್ ರಾ ಮೀಖಾಹಮ್’ ಎಂದು. ಗಿರಾಕಿ ಹೇಳುವುದು ‘ಮೀಖಾಮೆಶ್’, ಒಂದೇ ಪದ! ಕೊನೆಯ ‘ಮ್’ ಎಂದರೆ ನಾನು, ‘ಎಶ್’ ಎಂದರೆ ಅದನ್ನು. ನಮ್ಮ ‘ನೋಡಿದೆನು’ ಎಂಬಲ್ಲಿಯೂ ಕರ್ತೃವಿನ ಗುರುತು ಇದೆ. ಕರ್ಮಕ್ಕೆ ಬೇರೆ ಪದವೇ ಬೇಕು. ಪಾರ್ಸಿಯ ಆಡುಮಾತು ಅದನ್ನೂ ಬಾಲಕ್ಕೆ ಅಂಟಿಸುತ್ತದೆ. ವ್ಯಾಕರಣಕ್ಕೂ ರಸಾಯನಶಾಸ್ತ್ರಕ್ಕೂ ನಮ್ಮಲ್ಲಿ ‘ಧಾತು’ ಎಂಬ ಒಂದೇ ಪದವಿರುವುದು ಇಂಥ ಸಂಯೋಗ ನೋಡಿದಾಗ ಸರಿಯೆನಿಸುತ್ತದೆ.

ಈ ‘ಎಶ್’ ಗಂಡು, ಹೆಣ್ಣು, ವಸ್ತು ಎಂದು ಭೇದ ಮಾಡದು. ಗದ್ದಲದಲ್ಲಿ ಮಗಳನ್ನು ಹುಡುಕುವ ತಾಯಿಗೆ ಅಂಗಡಿಯವನು ‘ದೀದಮೆಶ್’ ಎಂದರೆ ‘ಅವಳನ್ನು ನೋಡಿದೆ’ ಎಂದರ್ಥ. ಮರೆತ ಕೊಡೆಯನ್ನು ಕೇಳಿದವರಿಗೂ ಅದೇ ಉತ್ತರ. ತಾಯಿಗೆ ಅಷ್ಟು ಸಾಕು. ವಿದ್ಯಾರ್ಥಿಯಾದರೋ ‘ದೀದಮ್’ ಎಂಬಷ್ಟನ್ನೇ ಹಿಡಿದು, ನೋಡಿದ್ದು ಯಾರನ್ನು ಎಂದು ತಡಕಾಡುತ್ತಾನೆ. ಅಷ್ಟರಲ್ಲಿ ಮಾತು ಮುಂದೆ ಹೋಗಿರುತ್ತದೆ. ‘ಬೆದೆಶ್’ ಎಂದರೆ ಅದನ್ನು ಕೊಡು. ‘ಬೆಹೆಶ್ ಬೆದೆ’ ಎಂದರೆ ಅವನಿಗೆ ಕೊಡು. ಇಲ್ಲಿ ಕಿವಿ ತಪ್ಪಿದರೆ ರೊಟ್ಟಿ ಯಾರದೋ ಕೈ ಸೇರೀತು!

ಇದನ್ನು ಬೀದಿಯ ಕೆಟ್ಟ ಭಾಷೆ ಎಂದು ತಳ್ಳುವ ಪಂಡಿತರು ಸ್ವಲ್ಪ ಹಿಂದಕ್ಕೆ ನೋಡಬೇಕು. ಕರ್ಮಾನ್‌ಶಾಹ್ ಸಮೀಪದ ಬೀಸುತೂನ್ ಬಂಡೆಯ ಮೇಲೆ ದೊರೆ ದಾರಯವಹುಷ್ ಸುಮಾರು 2,500 ವರ್ಷಗಳ ಹಿಂದೆ ಕೊರೆಸಿದ ಶಾಸನದಲ್ಲಿಯೇ ‘ಅವನನ್ನು’ ಎಂಬುದು ‘ಶಿಮ್’ ಎಂಬ ಪುಟ್ಟ ತುಣುಕಾಗಿ ಬೇರೆ ಪದಕ್ಕೆ ಅಂಟಿ ನಿಂತಿದೆ. ಅಂಟುವ ಜಾಗ ಬದಲಾಗಿದೆ, ಅಭ್ಯಾಸ ಹಳೆಯದು.

ಸಂಜೆ ತಜ್ರಿಶ್ ಮೆಟ್ರೊ ನಿಲ್ದಾಣದಲ್ಲಿ ದೂರವಾಣಿಯ ಮಾತು ಮುಗಿಸುವವರು ಮನೆಯವರಿಗೆ ಹೇಳುವುದು ‘ದೂಸ್ತೆತ್ ದಾರಮ್’, ಅಂದರೆ ನಿನ್ನನ್ನು ಪ್ರೀತಿಸುತ್ತೇನೆ. ಇಲ್ಲಿ ‘ನಿನ್ನನ್ನು’ ಎಂಬ ‘ಎತ್’ ಕ್ರಿಯಾಪದವನ್ನು ಬಿಟ್ಟು ‘ದೂಸ್ತ್’ಗೆ ಅಂಟಿದೆ. ಆ ‘ದೂಸ್ತ್’ ಬೇರೆ ಯಾರೂ ಅಲ್ಲ, ನಮ್ಮೂರಿನ ಹುಡುಗರು ಕರೆಯುವ ‘ದೋಸ್ತ್’.