ದಪ್ಪ ಹುಬ್ಬಿನ ಅಪ್ಪ

‘ಮೂವತ್ತಾಯ್ತು, ಇನ್ನೂ ಮ್ಯಾನೇಜರ್ ಆಗಿಲ್ವಾ?’ ಅಂತ ಯಾರಾದ್ರೂ ಕೇಳಿದಾಗೆಲ್ಲ ನನಗೆ ಯೂಜೀನ್ ಲೆವಿ ನೆನಪಾಗ್ತಾರೆ. ‘ಅಮೆರಿಕನ್ ಪೈ’ ಸಿನಿಮಾದ ದಪ್ಪ ಹುಬ್ಬಿನ ಅಪ್ಪ!

1946ರಲ್ಲಿ ಕೆನಡಾದ ಹ್ಯಾಮಿಲ್ಟನ್‌ನಲ್ಲಿ ಹುಟ್ಟಿದ ಲೆವಿ ಹೆಸರು ಮಾಡಿದ್ದು ‘ಎಸ್‌ಸಿಟಿವಿ’ ಎಂಬ ಸ್ಕೆಚ್ ಕಾಮಿಡಿ ಶೋನಲ್ಲಿ. 1976ರಲ್ಲಿ ಶುರುವಾದ ಅದು, ಕಾಸಿಲ್ಲದ ಒಂದು ಟಿವಿ ಸ್ಟೇಷನ್ನಿನ ಕಥೆ. ಅಲ್ಲಿ ಲೆವಿ ವಾರ್ತೆ ಓದುವ ಅರ್ಲ್. ದೊಡ್ಡ ಸುದ್ದಿಯೆಲ್ಲ ಪಕ್ಕದವನಿಗೆ, ಅರ್ಲ್‌ಗೆ ಉಳಿಯೋದು ಚಿಲ್ಲರೆ. ಅದನ್ನೂ ಅಷ್ಟೇ ಗಂಭೀರವಾಗಿ ಓದ್ತಾನೆ; ನಗು ಬರೋದೇ ಅಲ್ಲಿ. ಆ ಶೋನ ಬರವಣಿಗೆಗೆ ತಂಡದ ಜೊತೆ ಎರಡು ಎಮ್ಮಿ ಪ್ರಶಸ್ತಿಯೂ ಬಂತು. ಆಮೇಲೆ ಸಿನಿಮಾಗಳಲ್ಲಿ ಹೆಚ್ಚಾಗಿ ಪೋಷಕ ಪಾತ್ರಗಳೇ.

2015ರಲ್ಲಿ ಮಗ ಡ್ಯಾನ್ ಜೊತೆ ಸೇರಿ ‘ಶಿಟ್ಸ್ ಕ್ರೀಕ್’ ತಂದರು. ಆಸ್ತಿಯೆಲ್ಲ ಕಳೆದುಕೊಂಡ ಶ್ರೀಮಂತ ಕುಟುಂಬವೊಂದು ಸಣ್ಣ ಊರಿನ ಮೋಟೆಲ್‌ನಲ್ಲಿ ಬದುಕುವ ಕಥೆ. ಹೆಂಡತಿಯ ಪಾತ್ರಕ್ಕೆ ‘ಎಸ್‌ಸಿಟಿವಿ’ ಕಾಲದ ಜೊತೆಗಾತಿ ಕ್ಯಾಥರೀನ್ ಒಹಾರಾ. ಇಲ್ಲೂ ಉಳಿದವರು ಕೂಗಾಡ್ತಾರೆ, ಲೆವಿ ಬರೀ ಹುಬ್ಬೇರಿಸ್ತಾರೆ. 2020ರಲ್ಲಿ ಸೀರೀಸ್‌ಗೆ ಒಂಬತ್ತು ಎಮ್ಮಿ. ಹಾಸ್ಯ ವಿಭಾಗದ ಅತ್ಯುತ್ತಮ ನಾಯಕ ನಟ ಲೆವಿ, ವಯಸ್ಸು 73!

ಪಕ್ಕದವರು ಮಿಂಚುವ ಹಾಗೆ ಮಾಡೋದೂ ಪ್ರತಿಭೆಯೇ. ನಮ್ಮ ಅಪ್ರೈಸಲ್ ಫಾರ್ಮ್‌ನಲ್ಲಿ ಅದಕ್ಕೊಂದು ಕಾಲಂ ಇಲ್ಲ, ಅಷ್ಟೇ.