ಅಡುಗೆಮನೆಗೆ ಯಾರ ಅಳತೆ?

ಹೊಸ ಮನೆಯ ನಕ್ಷೆ ಕೈಗೆ ಬಂದಾಗ ಮನೆಮಂದಿಯೆಲ್ಲ ಅದರ ಮೇಲೆ ಬಗ್ಗಿ ಕೂರುತ್ತಾರೆ. ಮೂವತ್ತು–ನಲವತ್ತರ ಸೈಟಿನಲ್ಲಿ ಕಾರು ಎಲ್ಲಿ ನಿಲ್ಲಬೇಕು, ಮೆಟ್ಟಿಲು ಒಳಗೋ ಹೊರಗೋ, ಟೀವಿ ಯಾವ ಗೋಡೆಗೆ ಎಂದು ವಾರಗಟ್ಟಲೆ ಮಾತು ನಡೆಯುತ್ತದೆ. ಅಡುಗೆಮನೆಯ ಸರದಿ ಬಂದಾಗ ಅದು ಆಗ್ನೇಯಕ್ಕೆ ಬಂದಿದೆಯೇ ಎಂದು ನೋಡಿ ಮುಂದೆ ಹೋಗುತ್ತಾರೆ. ಬೆಳಗಿನ ಹಾಲು ಕಾಯಿಸುವುದರಿಂದ ಹಿಡಿದು ರಾತ್ರಿ ಹೆಪ್ಪು ಹಾಕುವವರೆಗೆ ಕೆಲಸ ನಡೆಯುವ ಜಾಗಕ್ಕೆ ಸಿಗುವ ವಿಚಾರ ಅಷ್ಟೇ. ಕೇಂದ್ರ ಸರ್ಕಾರ 2019ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಮನೆಗೆಲಸ ಮಾಡುವ ಹೆಂಗಸರು ಅದಕ್ಕಾಗಿ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾರೆ. ಆ ಕೆಲಸಕ್ಕೆ ಕೈಹಾಕುವ ಗಂಡಸರು ಕೊಡುವುದು 97 ನಿಮಿಷ. ಹೆಂಗಸರದು ಹೆಚ್ಚುಕಡಿಮೆ ಐದು ಗಂಟೆಯ ದುಡಿಮೆ. ಅದರಲ್ಲಿ ದೊಡ್ಡ ಪಾಲು ಒಲೆಯ ಮುಂದೆ ಮತ್ತು ಸಿಂಕಿನ ಮುಂದೆ ನಿಂತೇ ಕಳೆಯುತ್ತದೆ.

ಅಡುಗೆಮನೆ ದುಡಿಯುವ ಜಾಗ. ಆದ್ದರಿಂದ ಅದರ ಅಳತೆ ಅಲ್ಲಿ ದುಡಿಯುವವರ ಮೈಯಿಂದ ಹೊರಡಬೇಕು ಎನ್ನುವುದು ನನ್ನ ಗಟ್ಟಿಯಾದ ನಂಬಿಕೆ. ತುಮಕೂರಿನಲ್ಲಿ ನಾವು ಮನೆ ಕಟ್ಟಿಸುವಾಗ ಈ ನಂಬಿಕೆಗೆ ಆಕಾರ ಕೊಟ್ಟವರು ನಮ್ಮ ಅತ್ತೆ. ಗ್ಯಾಸ್ ಕಟ್ಟೆ ಹಾಕುವ ದಿನ ಮೇಸ್ತ್ರಿ ಗೋಡೆಯ ಮೇಲೆ ಗುರುತು ಮಾಡಿ, "ಎಲ್ರ ಮನೇಗೂ ಎರಡೂಮುಕ್ಕಾಲಡಿ ಹಾಕೋದು ಕಣಮ್ಮ" ಅಂದರು. ಅತ್ತೆ ಆ ಗೆರೆಯ ಪಕ್ಕ ಹೋಗಿ ನಿಂತರು. ಅವರ ಎತ್ತರ ನಾಲ್ಕಡಿ ಹತ್ತಂಗುಲ. "ಸರಿ ಕಣಪ್ಪ, ಇದರ ಮ್ಯಾಲೆ ನಾನು ಹಿಟ್ಟು ತೊಳಸೋದು ಹೆಂಗೆ, ನೀನೇ ಹೇಳು" ಎಂದು ಕೇಳಿದರು.

ರಾಗಿ ಮುದ್ದೆ ಮಾಡಿದವರಿಗೆ ಆ ಪ್ರಶ್ನೆಯ ತೂಕ ಗೊತ್ತು. ಎಸರು ಮರಳಿದ ಮೇಲೆ ಹಿಟ್ಟು ಸುರಿದು, ನಡುವೆ ಕೋಲು ನೆಟ್ಟು ಬೇಯಲು ಬಿಡುತ್ತಾರೆ. ಬೆಂದ ಮೇಲೆ ತೊಳಸುವುದು ಬರೀ ಮಣಿಕಟ್ಟಿನ ಕೆಲಸವಲ್ಲ. ಪಾತ್ರೆಯನ್ನು ಕೆಳಗಿಳಿಸಿ, ಕವೆಗೋಲಿನಿಂದ ಅಲುಗದಂತೆ ಹಿಡಿದು, ಕೋಲಿನ ಮೇಲೆ ಮೈಭಾರ ಬಿಟ್ಟು ಪಾತ್ರೆಯ ಅಂಚಿಗೆ ಒತ್ತಿ ಒತ್ತಿ ತಿರುವಬೇಕು. ಆಗಲೇ ಗಂಟು ಒಡೆಯುವುದು, ಮುದ್ದೆ ನುಣ್ಣಗಾಗುವುದು. ಎರಡೂಮುಕ್ಕಾಲಡಿ ಅಂದರೆ 33 ಅಂಗುಲ. ಅದರ ಮೇಲೆ ಆರಂಗುಲದ ಗ್ಯಾಸ್ ಒಲೆ, ಒಲೆಯ ಮೇಲೆ ಎಂಟಂಗುಲದ ಪಾತ್ರೆ. ಕೆಳಗಿಳಿಸದೆ ಅಲ್ಲೇ ತೊಳಸುವುದಾದರೆ ಪಾತ್ರೆಯ ಬಾಯಿ 47 ಅಂಗುಲಕ್ಕೆ ಹೋಗುತ್ತದೆ, ಅಂದರೆ ಅತ್ತೆಯ ಹೆಗಲಿನ ಮಟ್ಟಕ್ಕೆ. ಹೆಗಲೆತ್ತರದಲ್ಲಿ ಮೈಭಾರ ಬಿಡಲು ಯಾರಿಗೂ ಆಗದು, ತೋಳಷ್ಟೇ ಎಳೆಯಬೇಕು. ಸಂಜೆಯಾದರೆ ರಟ್ಟೆ ನೋವು ಎನ್ನುವ ಎಷ್ಟೋ ಹೆಂಗಸರ ದೂರಿನ ಮೂಲ ಅವರ ವಯಸ್ಸಿನಲ್ಲಿಲ್ಲ, ಅವರ ಮನೆಯ ಕಟ್ಟೆಯ ಎತ್ತರದಲ್ಲಿದೆ.

ನಮ್ಮ ದೇಶದ ಹೆಂಗಸರ ಸರಾಸರಿ ಎತ್ತರ ಸುಮಾರು ಐದಡಿ. ಮಾಡ್ಯುಲರ್ ಕಿಚನ್ನಿನವರು ತೋರಿಸುವ 36 ಅಂಗುಲದ ಕಟ್ಟೆ ಅಮೆರಿಕದಲ್ಲಿ ರೂಢಿಗೆ ಬಂದ ಅಳತೆ. ನಮಗೆ ಬೇಕಾದ ಲೆಕ್ಕ ಬಹಳ ಸರಳ. ನೆಟ್ಟಗೆ ನಿಂತು ಮೊಣಕೈ ಮಡಿಸಿದಾಗ ಅದು ನೆಲದಿಂದ ಎಷ್ಟು ಮೇಲಿದೆಯೋ ಅದಕ್ಕಿಂತ ಸುಮಾರು ನಾಲ್ಕಂಗುಲ ಕೆಳಗೆ ತರಕಾರಿ ಹೆಚ್ಚುವ, ಚಪಾತಿ ಲಟ್ಟಿಸುವ ಕಟ್ಟೆ ಇರಬೇಕು. ಒಲೆಗೇ ಐದಾರು ಅಂಗುಲ ಎತ್ತರವಿರುವುದರಿಂದ ಒಲೆ ಇಡುವ ಭಾಗ ಇನ್ನೂ ಅಷ್ಟು ಕೆಳಗಿರಬೇಕು. ಸಿಂಕಿನ ಲೆಕ್ಕ ಇದಕ್ಕೆ ತದ್ವಿರುದ್ಧ. ಪಾತ್ರೆ ತೊಳೆಯುವ ಕೈ ಸಿಂಕಿನ ತಳದಲ್ಲಿರುತ್ತದೆ. ತಳ ಅಂಚಿಗಿಂತ ಎಂಟಂಗುಲ ಆಳ. ಹಾಗಾಗಿ ಸಿಂಕಿನ ಅಂಚು ಎರಡು ಮೂರು ಅಂಗುಲ ಮೇಲಿದ್ದರೆ ಸೊಂಟ ಬಗ್ಗಿಸುವುದು ತಪ್ಪುತ್ತದೆ.

ಒಂದೇ ಗ್ರಾನೈಟ್ ಹಾಸು ಗೋಡೆಯುದ್ದಕ್ಕೂ ಒಂದೇ ಮಟ್ಟದಲ್ಲಿ ಹೋದರೆ ನೋಡಲು ಚೆಂದ, ಹಾಕಲೂ ಸುಲಭ. ನಾವು ಅದನ್ನು ಬಿಟ್ಟು ಮೂರು ಮಟ್ಟ ಮಾಡಿಸಿದೆವು. ಒಲೆಗೆ 28 ಅಂಗುಲ, ಹೆಚ್ಚುವ ಜಾಗಕ್ಕೆ 33, ಸಿಂಕು ಮತ್ತು ಅದರ ಪಕ್ಕಕ್ಕೆ 36. ಕಾದ ಪಾತ್ರೆಯನ್ನು ಎತ್ತದೆ ಜರುಗಿಸಿಕೊಳ್ಳುವಂತೆ ಒಲೆಯ ಎರಡೂ ಪಕ್ಕದಲ್ಲಿ ಒಂದೊಂದು ಅಡಿಯನ್ನು ಅದೇ ಮಟ್ಟದಲ್ಲಿ ಬಿಡಿಸಿದೆವು. ಮೂಲೆಯಲ್ಲಿ ಹದಿನೈದು ಅಂಗುಲ ಎತ್ತರದ ಒಂದು ಗಿಡ್ಡ ಕಲ್ಲುಕಟ್ಟೆ ಅತ್ತೆಯ ಅಪ್ಪಣೆ. ಮುದ್ದೆಯ ಪಾತ್ರೆ ಇಳಿಸಿ ತೊಳಸುವುದು ಅಲ್ಲಿ. ಈಳಿಗೆಮಣೆ ಹಾಕಿಕೊಂಡು ಕಾಯಿ ತುರಿಯುವುದೂ, ಅವರೆಕಾಯಿ ಕಾಲದಲ್ಲಿ ಕೂತು ಕಾಳು ಬಿಡಿಸುವುದೂ ಅಲ್ಲೇ. ನಿಂತೇ ಅಡುಗೆ ಮಾಡಬೇಕೆಂಬುದು ಗ್ಯಾಸ್ ಬಂದಮೇಲಿನ ರೂಢಿ. ವಯಸ್ಸಾದವರಿಗೆ ಕೂತು ಮಾಡುವ ಕೆಲಸಕ್ಕೂ ಒಂದು ಜಾಗ ಬೇಕು.

ಅಡುಗೆಮನೆಯನ್ನು ಶಾಸ್ತ್ರೀಯವಾಗಿ ಯೋಚಿಸಿದವರು ನಮಗಿಂತ ಮುಂಚೆ ಇದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿಯವರ ಮುಂದಾಳ್ತನದಲ್ಲಿ 1974ರಲ್ಲಿ ಶುರುವಾದ 'ಅಸ್ತ್ರ' ಕೇಂದ್ರದ ವಿಜ್ಞಾನಿಗಳು ಹಳ್ಳಿಯ ಸೌದೆ ಒಲೆಯನ್ನು ಕೈಗೆತ್ತಿಕೊಂಡರು. ಮೂರು ಪಾತ್ರೆ ಒಟ್ಟಿಗೆ ಕೂರುವ, ಹೊಗೆ ಕೊಳವೆಯಲ್ಲಿ ಹೊರಗೆ ಹೋಗುವ, ಸೌದೆ ಕಡಿಮೆ ಬೇಡುವ ಅಸ್ತ್ರ ಒಲೆ ಅದರ ಫಲ. ಕಣ್ಣುರಿಯುತ್ತ ಊದುಕೊಳವೆ ಊದುತ್ತಿದ್ದವರ ಕಷ್ಟವೂ ವಿಜ್ಞಾನಕ್ಕೆ ತಕ್ಕ ವಿಷಯ ಎಂದು ಅವರು ಒಪ್ಪಿದ್ದು ದೊಡ್ಡ ಮಾತು.

ಅವರಿಗೂ ಅರ್ಧ ಶತಮಾನ ಹಿಂದೆ, 1926ರಲ್ಲಿ, ಆಸ್ಟ್ರಿಯಾದ ವಾಸ್ತುಶಿಲ್ಪಿ ಮಾರ್ಗರೆಟೆ ಶ್ಯೂಟೆ–ಲಿಹೋಟ್ಸ್ಕಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಬಾಡಿಗೆ ಮನೆಗಳಿಗೆಂದು ಒಂದು ಅಡುಗೆಮನೆಯ ವಿನ್ಯಾಸ ಮಾಡಿದರು. ಸುಮಾರು 1.9 ಮೀಟರ್ ಅಗಲ, 3.4 ಮೀಟರ್ ಉದ್ದ. ಒಂದೊಂದು ಕೆಲಸಕ್ಕೆ ಎಷ್ಟು ಹೆಜ್ಜೆ, ಎಷ್ಟು ಹೊತ್ತು ಎಂದು ಲೆಕ್ಕ ಹಾಕಿ, ಹಿಟ್ಟು–ಬೇಳೆಗೆ ಹಿಡಿಯಿರುವ ಅಲ್ಯೂಮಿನಿಯಂ ಡಬ್ಬಿಗಳ ಸಾಲು, ಕಿಟಕಿಯ ಬೆಳಕಿಗೆ ಹೆಚ್ಚುವ ಮೇಜು, ಕೂತು ಕೆಲಸ ಮಾಡಲು ತಿರುಗುವ ಸ್ಟೂಲು ಇಟ್ಟರು. ಅಂಥ ಸುಮಾರು ಹತ್ತು ಸಾವಿರ ಅಡುಗೆಮನೆಗಳು ಕಟ್ಟಲ್ಪಟ್ಟವು. ಇವತ್ತಿನ ಮಾಡ್ಯುಲರ್ ಕಿಚನ್ನಿನ ವಂಶವೃಕ್ಷದ ಬೇರು ಅಲ್ಲಿದೆ. ಹೆಂಗಸರ ಹೊತ್ತು ಉಳಿಸಬೇಕೆಂಬ ಆ ತಾಯಿಯ ಕಳಕಳಿಗೆ ನಾನು ಕೈಮುಗಿಯುತ್ತೇನೆ. ಆದರೆ ಆ ಕೋಣೆಯಲ್ಲಿ ಒಬ್ಬರು ನಿಂತರೆ ಇನ್ನೊಬ್ಬರಿಗೆ ಜಾಗವಿರಲಿಲ್ಲ. ಅಡುಗೆ ಮಾಡುವಾಕೆ ಮನೆಯ ಮಿಕ್ಕವರಿಂದ ದೂರವಾಗಿ ಒಂಟಿಯಾದಳು ಎಂಬ ಟೀಕೆ ಮುಂದೆ ಅದಕ್ಕೆ ಬಂದಿತು. ಆ ಟೀಕೆ ನಮಗೂ ಪಾಠ.

1940ರ ದಶಕದಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದವರು ಬೆಳೆಸಿದ ತ್ರಿಕೋನದ ಸೂತ್ರ ಎಂಜಿನಿಯರುಗಳ ಬಾಯಲ್ಲಿ ಇಂದಿಗೂ ಇದೆ. ಒಲೆ, ಸಿಂಕು, ಫ್ರಿಜ್ಜು ಮೂರೂ ತ್ರಿಕೋನದ ಮೂರು ಮೂಲೆ. ಒಂದರಿಂದ ಇನ್ನೊಂದಕ್ಕೆ ನಾಲ್ಕರಿಂದ ಒಂಬತ್ತು ಅಡಿ, ಒಟ್ಟು ಸುತ್ತಳತೆ 26 ಅಡಿ ಮೀರಬಾರದು. ಸೂತ್ರ ಒಳ್ಳೆಯದೇ. ಆದರೆ ನಮ್ಮ ಬೆಳಗಿನ ಅಡುಗೆ ನಡೆಯುವ ದಾರಿ ಬೇರೆ. ಅಕ್ಕಿ ತೊಳೆದು ಕುಕ್ಕರಿಗೆ ಇಟ್ಟರೆ ಒಂದು ಸಲ ಸಿಂಕಿನಿಂದ ಒಲೆಗೆ. ಕಾಯಿ ತುರಿದು ಮಿಕ್ಸಿಗೆ, ಮಿಕ್ಸಿಯಿಂದ ಒಲೆಗೆ, ಜಾರು ತೊಳೆಯಲು ಸಿಂಕಿಗೆ. ಸಾಸಿವೆ ಚಿಟಪಟ ಅನ್ನುವಾಗ ಕರಿಬೇವು, ಇಂಗು ಕೈಗೆ ಸಿಕ್ಕಬೇಕು. ಹೆಜ್ಜೆ ಇಡಲು ಹೊತ್ತಿಲ್ಲ. ಇಷ್ಟರಲ್ಲಿ ಫ್ರಿಜ್ಜಿನ ಬಾಗಿಲು ತೆರೆಯುವುದು ಹಾಲಿಗೆ, ಸೊಪ್ಪಿಗೆ, ದೋಸೆ ಹಿಟ್ಟಿಗೆ. ಅಂದಮೇಲೆ ನಮ್ಮ ತ್ರಿಕೋನದ ಮೂರನೆಯ ಮೂಲೆ ಮಿಕ್ಸಿ. ಫ್ರಿಜ್ಜು ಅಡುಗೆಮನೆ ಬಾಗಿಲ ಹೊರಗೆ, ಊಟದ ಮೇಜಿನ ಹತ್ತಿರ ಇದ್ದರೂ ನಡೆಯುತ್ತದೆ. ನೀರು ಬೇಕೆಂದು ಬಂದ ಮಕ್ಕಳು ಕುದಿಯುವ ಸಾರಿನ ಪಕ್ಕ ಹಾದುಹೋಗುವುದೂ ತಪ್ಪುತ್ತದೆ.

ಇದೆಲ್ಲ ಕಾಗದದ ಮೇಲೆ ಹೊಳೆಯುವಂಥದ್ದಲ್ಲ. ಗೋಡೆ ಎದ್ದು ನೆಲಕ್ಕೆ ಕಾಂಕ್ರೀಟು ಬಿದ್ದಮೇಲೆ ಒಂದು ಸಂಜೆ ಸೀಮೆಸುಣ್ಣ ಹಿಡಿದು ನೆಲದ ಮೇಲೆ ಕಟ್ಟೆ, ಒಲೆ, ಸಿಂಕು, ಮಿಕ್ಸಿ ಎಲ್ಲವನ್ನೂ ನಿಜವಾದ ಅಳತೆಯಲ್ಲಿ ಬರೆದೆವು. ನಾನು ಬೆಳಗಿನ ತಿಂಡಿ ಮಾಡುವ ಹಾಗೆ ನಡೆದೆ. ತರಕಾರಿ ಹೆಚ್ಚುವುದು ನಮ್ಮ ಮನೆಯಲ್ಲಿ ಯಜಮಾನರ ಪಾಲಿನ ಕೆಲಸ. ಅವರು ತಮ್ಮ ಜಾಗದಲ್ಲಿ ನಿಂತರು. ಮಗಳು ಡಬ್ಬಿಗೆ ತಿಂಡಿ ತುಂಬಿಕೊಳ್ಳುವಂತೆ ಬಂದಳು. ಎದುರುಬದುರು ಕಟ್ಟೆಗಳ ನಡುವೆ ಎಂಜಿನಿಯರು ಬಿಟ್ಟಿದ್ದ ಮೂರಡಿಯಲ್ಲಿ ನಾನು ಬಿಸಿ ಪಾತ್ರೆ ಹಿಡಿದು ತಿರುಗಿದರೆ ಇಬ್ಬರಲ್ಲೊಬ್ಬರು ಹೊರಗೆ ಹೋಗಬೇಕಿತ್ತು. "ನಾಲ್ಕಡಿ ಬಿಡಿ, ಎದುರಿನ ಕಟ್ಟೆ ಒಂದಡಿ ಸಣ್ಣದಾಗ್ಲಿ" ಅಂದೆ. ನಾಲ್ಕಡಿಯಲ್ಲಿ ಇಬ್ಬರು ಬೆನ್ನು ತಾಗದೆ ಕೆಲಸ ಮಾಡಬಹುದು, ಮೂರನೆಯವರು ನಡುವೆ ಹಾದುಹೋಗಬಹುದು. ಸಿಂಕಿನ ಪಕ್ಕದ 36 ಅಂಗುಲದ ಕಟ್ಟೆ ಐದಡಿ ಒಂಬತ್ತಂಗುಲದ ಯಜಮಾನರಿಗೆ ಸರಿಹೋಯಿತು. ಗಂಡಸರು ಅಡುಗೆಮನೆಗೆ ಕಾಲಿಡುವುದಿಲ್ಲ ಎಂದು ದೂರುವ ಮುಂಚೆ ಅವರಿಗೆ ನಿಲ್ಲಲು ಜಾಗ, ಕೈಗೆ ತಕ್ಕ ಕಟ್ಟೆ ಮಾಡಿಟ್ಟಿದ್ದೇವೆಯೇ ಎಂದು ನೋಡಬೇಕು.

ಪಾತ್ರೆ ತೊಳೆಯಲು ಬರುವವರೂ ಈ ಲೆಕ್ಕದಲ್ಲಿ ಸೇರಬೇಕು. ಹಿತ್ತಲ ಕಡೆಯ ಯುಟಿಲಿಟಿ ಎಂಬ ಇಕ್ಕಟ್ಟಿನಲ್ಲಿ, ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು ಅವರು ನಮ್ಮ ಮನೆಯ ಪಾತ್ರೆ ಉಜ್ಜುತ್ತಾರೆ. ಅಲ್ಲಿಗೂ ನಿಂತು ತೊಳೆಯುವ ಸಿಂಕು, ತಲೆಯ ಮೇಲೊಂದು ದೀಪ, ಮಳೆ ಬಂದರೆ ಎರಚಲು ಹೊಡೆಯದಂತೆ ಸಜ್ಜಾ ಬೇಕು. ಅವರ ಮೊಣಕೈಯನ್ನೂ ಅಳೆಯಬೇಕು.

ಗೋಡೆಗೆ ಗಿಲಾವು ಆಗುವ ಮುಂಚೆ ತೀರ್ಮಾನಿಸಬೇಕಾದವು ಕೆಲವು ಇವೆ. ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ನೆಲದ ಮಟ್ಟದಲ್ಲಿ ಶೇಖರವಾಗುತ್ತದೆ. 14.2 ಕಿಲೋ ಸಿಲಿಂಡರನ್ನು ಕಟ್ಟೆಯ ಕೆಳಗೆ ಬಾಗಿಲು ಹಾಕಿ ಮುಚ್ಚುವುದಾದರೆ ಆ ಬಾಗಿಲಿನ ತಳದಲ್ಲಿ ಗಾಳಿ ಆಡುವ ಕಿಂಡಿ ಇರಲೇಬೇಕು. ಸಿಲಿಂಡರು ನೆಟ್ಟಗೆ ನಿಂತಿರಬೇಕು, ಒಲೆ ಅದಕ್ಕಿಂತ ಮೇಲಿರಬೇಕು. ಒಲೆಯ ಕಟ್ಟೆ ತಗ್ಗಿಸಿದರೆ ಸಿಲಿಂಡರು ಅದರ ಕೆಳಗೆ ಹಿಡಿಸುವುದು ಕಷ್ಟ, ಅದಕ್ಕೆ ಪಕ್ಕದ ಎತ್ತರದ ಕಟ್ಟೆಯ ಕೆಳಗೆ ಗೂಡು ಬಿಡಬೇಕು. ಕಿಟಕಿ ಒಲೆಯ ಬೆನ್ನಿಗೇ ಬಂದರೆ ಗಾಳಿಗೆ ಉರಿ ಆರಿ ಅನಿಲ ಸೋರುವ ಅಪಾಯವಿದೆ. ಕಿಟಕಿ ಸಿಂಕಿನ ಮುಂದೆ ಬರಲಿ. ದೀಪ ನಡುಮಾಡಿನಲ್ಲಿ ಒಂದೇ ಇದ್ದರೆ ಹೆಚ್ಚುವವರ ನೆರಳು ಅವರ ಕೈ ಮೇಲೆಯೇ ಬೀಳುತ್ತದೆ. ಮೇಲಿನ ಶೆಲ್ಫಿನ ಅಡಿಯಲ್ಲಿ ಕಟ್ಟೆಯ ಮೇಲೆ ಬೆಳಕು ಚೆಲ್ಲುವ ದೀಪ ಇರಲಿ. ಮಿಕ್ಸಿ, ಗ್ರೈಂಡರಿನ ಪ್ಲಗ್ಗು ನೀರು ಸಿಡಿಯದಷ್ಟು ದೂರದಲ್ಲಿ, ಕಟ್ಟೆಯಿಂದ ಒಂದಡಿ ಮೇಲೆ ಇರಲಿ. ಇಂಡಕ್ಷನ್ ಒಲೆಗೆ, ಓವನ್ನಿಗೆ 16 ಆಂಪಿಯರಿನದು ಬೇರೆ ಹಾಕಿಸಿ.

ಸಾಮಾನು ಇಡುವುದಕ್ಕೂ ಮೈಯೇ ಅಳತೆ. ದಿನಕ್ಕೆ ಹತ್ತು ಸಲ ಬೇಕಾಗುವುದು ಸೊಂಟದಿಂದ ಕಣ್ಣಿನವರೆಗಿನ ಎತ್ತರದಲ್ಲಿ, ಇಪ್ಪತ್ತೈದು ಕಿಲೋ ಅಕ್ಕಿ ಮೂಟೆ, ರಾಗಿ ಡ್ರಮ್ಮು ನೆಲದಲ್ಲಿ, ಹಬ್ಬಕ್ಕೊಮ್ಮೆ ಇಳಿಸುವ ದೊಡ್ಡ ಪಾತ್ರೆ ಅಟ್ಟದಲ್ಲಿ. ಸಿಂಕಿನ ಕೆಳಗೆ ಪ್ಲೈವುಡ್ ಬೇಡ, ಒದ್ದೆಗೆ ಉಬ್ಬುತ್ತದೆ. ಕಡಪ ಕಲ್ಲಿನ ಹಲಗೆ ತಲೆಮಾರು ಬಾಳುತ್ತದೆ.

ಬಣ್ಣ, ಬಾಗಿಲು, ಹಿಡಿಕೆ ಯಾವಾಗ ಬೇಕಾದರೂ ಬದಲಿಸಬಹುದು. ಕಟ್ಟೆಯ ಎತ್ತರ, ನಡುವಿನ ಓಡಾಟದ ಜಾಗ, ಕಿಟಕಿ, ನೀರಿನ ಕೊಳವೆ ಇವು ಒಮ್ಮೆ ಕೂತರೆ ಮೂವತ್ತು ವರ್ಷ ಹಾಗೇ. ಆದ್ದರಿಂದ ಮನೆ ಕಟ್ಟಿಸುತ್ತಿರುವವರಲ್ಲಿ ನನ್ನದೊಂದು ವಿನಂತಿ. ಕಟ್ಟೆ ಹಾಕುವ ಮುನ್ನ ಆ ಮನೆಯಲ್ಲಿ ಅಡುಗೆ ಮಾಡುವ, ಮಾಡಬೇಕಾದ, ಪಾತ್ರೆ ತೊಳೆಯುವ ಎಲ್ಲರನ್ನೂ ಕರೆದು ನಿಲ್ಲಿಸಿ. ಒಬ್ಬೊಬ್ಬರ ಮೊಣಕೈ ಎತ್ತರ ಟೇಪಿನಲ್ಲಿ ಅಳೆದು ಹೆಸರಿನ ಮುಂದೆ ಬರೆದು ಮೇಸ್ತ್ರಿಯ ಕೈಗೆ ಕೊಡಿ. ಮನೆಯಲ್ಲಿ ಎಲ್ಲರಿಗಿಂತ ಗಿಡ್ಡವರು ಯಾರೋ ಅವರ ಮಾತನ್ನು ಮೊದಲು ಕೇಳಿ.